ನಾಗರತ್ನಳ ಎಡೆಗೆ ಏನಿಡುವುದು

ಹಲಗೂರಿನ ಸಿದ್ದರಾಮು ಅವರಿಗೆ ಗಂಡ ಹೆಂಡಿರ ವಿಷಯದಲ್ಲಿ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಬೇರೆ ಯಾರಾದರೂ ಹೀಗೆಂದಿದ್ದರೆ ನಂಬುವುದೋ ಬಿಡುವುದೋ ಎಂದು ಯೋಚಿಸಬಹುದಿತ್ತು. ಸ್ವತಃ ಅವರೇ ಹೇಳುತ್ತಿದ್ದುದರಿಂದ ಅನುಮಾನಕ್ಕೆ ಜಾಗವೇ ಇರಲಿಲ್ಲ.

ಪಶು ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರಾಗಿದ್ದು ನಿವೃತ್ತರಾದವರು. ಊರಿನ ಬಾಯಲ್ಲಿ ದನದ ಡಾಕ್ಟ್ರು. ಆದರೆ ಅವರ ನಿಜವಾದ ಕಾರ್ಯಕ್ಷೇತ್ರ ಬೀಗರ ಊಟ. ಮದುವೆ ಮುಗಿದು, ಬಾಡೂಟಕ್ಕೆ ಎಲೆ ಹಾಕಿ, ಇನ್ನೇನು ಬಾಡಿನ ಬೋಸಿ ಬರಬೇಕು ಎನ್ನುವಾಗ ಮೈಕು ಅವರ ಕೈಗೆ ಬರುತ್ತಿತ್ತು. ಬರದಿದ್ದರೆ ಅವರೇ ಮೈಕಿನ ಹತ್ತಿರ ಹೋಗುತ್ತಿದ್ದರು. "ಗಂಡ ಆದೋನು ಹೆಂಡ್ತಿ ಮನಸ್ಸನ್ನ ಕೇಳಿ ತಿಳ್ಕೊಬಾರ್ದು, ನೋಡಿ ತಿಳ್ಕೋಬೇಕು. ನಮ್ಮ ನಾಗರತ್ನ ಬಾಯಿ ತೆಗೆಯೋಕೆ ಮುಂಚೆ ಅವಳಿಗೇನು ಬೇಕು ಅಂತ ನಂಗೆ ಗೊತ್ತಾಗೋಗ್ತದೆ" ಎನ್ನುತ್ತಿದ್ದರು. ಎಲೆಯ ಮುಂದೆ ಕೂತ ಜನ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು. ಚಪ್ಪಾಳೆ ತಟ್ಟಿದರೆ ಭಾಷಣ ಬೇಗ ಮುಗಿಯುತ್ತದೆ ಎಂಬುದನ್ನು ತಾಲ್ಲೂಕು ಅನುಭವದಿಂದ ಕಲಿತಿತ್ತು. ಹೆಂಗಸರ ಸಾಲಿನ ತುದಿಯಲ್ಲಿ ಕೂತ ನಾಗರತ್ನ ತಲೆ ತಗ್ಗಿಸಿಕೊಂಡು ಎಲೆಗೆ ನೀರು ಚಿಮುಕಿಸುತ್ತಿದ್ದಳು. ಅವಳು ಬಾಯಿ ತೆಗೆದದ್ದನ್ನು ಯಾರೂ ನೋಡಿರಲಿಲ್ಲವಾದ್ದರಿಂದ ಗಂಡನ ಮಾತು ಸುಳ್ಳೆಂದು ಸಾಬೀತಾಗುವ ಸಂದರ್ಭ ಬರಲೇ ಇಲ್ಲ.

ಕಳೆದ ಚಳಿಗಾಲದಲ್ಲಿ ನಾಗರತ್ನ ತೀರಿಕೊಂಡಳು. ಜ್ವರ ಎಂದಳು, ಮಳವಳ್ಳಿಗೆ ಕರೆದುಕೊಂಡು ಹೋದರು, ಅಲ್ಲಿಂದ ಮಂಡ್ಯಕ್ಕೆ ಕಳಿಸಿದರು, ವಾರ ತುಂಬುವುದರೊಳಗೆ ಎಲ್ಲ ಮುಗಿಯಿತು. ಸಿದ್ದರಾಮು ಅತ್ತರು. ಮೈಕಿನ ಮನುಷ್ಯ ಎಂದು ಜನ ಆಡಿಕೊಳ್ಳಬಹುದು, ಆದರೆ ಆ ಅಳು ನಿಜವಾದದ್ದು. ಆಮೇಲೆ ಯಾವ ಬೀಗರ ಊಟಕ್ಕೂ ಹೋಗಲಿಲ್ಲ. ಮನೆಯಲ್ಲಿ ಅನ್ನ ಬೇಯಿಸಿಕೊಂಡು, ಅದು ಬೆಂದಿದೆಯೋ ಇಲ್ಲವೋ ಹೇಳುವವರಿಲ್ಲದೆ, ಹಾಗೇ ಉಂಡು ಮಲಗುತ್ತಿದ್ದರು.

ಹೀಗಿರುವಾಗ ಪಿತೃಪಕ್ಷ ಬಂತು. ಮಂಡ್ಯ ಸೀಮೆಯಲ್ಲಿ ಅದಕ್ಕೆ ಮಾರ್ಲಾಮಿ ಎನ್ನುತ್ತಾರೆ. ಸತ್ತವರು ಮನೆಗೆ ಊಟಕ್ಕೆ ಬರುವ ಹಬ್ಬ. ಬದುಕಿದ್ದಾಗ ಅವರು ಏನನ್ನು ಆಸೆಪಟ್ಟು ತಿನ್ನುತ್ತಿದ್ದರೋ ಅದನ್ನೇ ಎಲೆಗೆ ಬಡಿಸಿ ಎಡೆ ಇಡಬೇಕು. ಸಿದ್ದರಾಮು ಅವರ ತಂದೆಗೆ ನಲ್ಲಿಮೂಳೆ, ಬ್ರಾಂದಿ, ಒಂದು ಕಟ್ಟು ಬೀಡಿ; ತಾಯಿಗೆ ಕಜ್ಜಾಯ ಮತ್ತು ಹೊಗೆಸೊಪ್ಪಿನ ಕಡ್ಡಿಪುಡಿ. ಬೀಡಿ ಯಾವ ಗುರುತಿನದು, ಕಜ್ಜಾಯ ಎಷ್ಟು ಮೆತ್ತಗಿರಬೇಕು ಎಂಬುದನ್ನೆಲ್ಲ ಪ್ರತಿ ವರ್ಷ ನೆನಪಿಟ್ಟುಕೊಂಡು ಇಡುತ್ತಿದ್ದವಳು ನಾಗರತ್ನ. ಈ ವರ್ಷ ಅವಳದೇ ಎಡೆ.

ಮಗಳು ಅರುಂಧತಿ ಮಂಡ್ಯದಿಂದ ಫೋನು ಮಾಡಿದಳು. ಅವಳು ಅಲ್ಲಿ ಒಂದು ಕೌಟುಂಬಿಕ ಸಲಹಾ ಕೇಂದ್ರದಲ್ಲಿ ಜಗಳವಾಡಿಕೊಂಡು ಬಂದ ಗಂಡ ಹೆಂಡಿರನ್ನು ಎದುರುಬದುರು ಕೂರಿಸಿ ಮಾತಾಡಿಸುವ ಕೆಲಸ ಮಾಡುತ್ತಿದ್ದಳು. ಅಪ್ಪನ ಪ್ರಕಾರ ಅದು ತನ್ನ ರಕ್ತದಿಂದಲೇ ಬಂದ ವಿದ್ಯೆ.

"ಅಪ್ಪಾ, ಅಮ್ಮನ ಮೊದಲ್ನೇ ಮಾರ್ಲಾಮಿ. ಅಮ್ಮಂಗೆ ಏನು ಇಷ್ಟ ಅಂತ ಯೋಚ್ನೆ ಮಾಡ್ತಿದ್ದೆ. ಏನ್ ಮಾಡ್ಸೋಣ?"

"ನನ್ನ ಕೇಳ್ತೀಯೇನವ್ವಾ?" ಸಿದ್ದರಾಮು ಎಷ್ಟೋ ತಿಂಗಳ ಮೇಲೆ ನಕ್ಕರು. "ಅದ ನಂಗೆ ಬುಡು. ಎಡೆ ಇಚಾರದಲ್ಲಿ ಯಾರೂ ತಲೆ ಆಕ್ಬೇಡಿ ಅಂತ ನಿಮ್ಮ ಸೋದರಮಾವಂಗೂ ಯೋಳ್ಬುಡು."

"ನಮ್ಮ ಸೆಂಟರ್‌ಗೆ ಬರೋ ಗಂಡಸ್ರಿಗೆ ನಾವು ಮೊದ್ಲು ಕೇಳೋದೇ ಇದನ್ನ, ನಿಮ್ಮ ಹೆಂಡ್ತಿಗೆ ತಿನ್ನೋಕೆ ಏನಿಷ್ಟ ಅಂತ. ಬೆಬ್ಬೆಬ್ಬೆ ಅಂತಾರೆ. ನೀವು ಪಾಸು ಬಿಡಿ" ಎಂದು ಮಗಳು ಫೋನಿಟ್ಟಳು.

ಸಿದ್ದರಾಮು ಜಗಲಿಯ ಮೇಲೆ ಆರಾಮಾಗಿ ಕಾಲು ಚಾಚಿ, ನಾಗರತ್ನಳಿಗೆ ಇಷ್ಟವಾದ ತಿಂಡಿ ಯಾವುದೆಂದು ನೆನಪಿಸಿಕೊಳ್ಳಲು ಕೂತರು. ಹೊತ್ತು ಹೋಯಿತು. ಸೌಟು ಹಿಡಿದ ಕೈ ನೆನಪಾಯಿತು. ಮುದ್ದೆ ತೊಳಸುವಾಗ ಬೆವರಿದ ಹಣೆ ನೆನಪಾಯಿತು. ಅವಳು ಏನನ್ನೋ ತಿನ್ನುತ್ತಿರುವ ಒಂದು ಚಿತ್ರ, ಒಂದೇ ಒಂದು ತುತ್ತು, ಎಷ್ಟು ಹುಡುಕಿದರೂ ಸಿಗಲಿಲ್ಲ. ಪಕ್ಕದ ಬೀದಿಯ ಚಿಕ್ಕಬೋರಯ್ಯನ ಎಮ್ಮೆ ಬೆಲ್ಲ ಬೆರೆಸದಿದ್ದರೆ ಹಿಂಡಿ ಮುಟ್ಟುವುದಿಲ್ಲ ಎಂಬುದು ನೆನಪಾಯಿತು. ಅದರ ಹಿಂದಿನ ಎಮ್ಮೆಗೆ ಹಲಸಿನ ಸಿಪ್ಪೆ ಎಂದರೆ ಪ್ರಾಣ. ಸಿದ್ದರಾಮು ಕಾಲು ಮಡಚಿ ನೆಟ್ಟಗೆ ಕೂತರು.

ಎದ್ದು ಅಡುಗೆಮನೆಗೆ ಹೋಗಿ ಡಬ್ಬಗಳನ್ನೆಲ್ಲ ಇಳಿಸಿದರು. ಹುರಿದ ಕಡ್ಲೆಬೀಜ, ಅದು ಅವರಿಗೆ ಇಷ್ಟ. ಚಕ್ಕುಲಿ ಮುರುಕು, ಅದೂ ಅವರಿಗೇ. ಹುರುಳಿ ಹಪ್ಪಳ, ಅದು ಅಳಿಯನಿಗೆ. ಕೊನೆಯ ಡಬ್ಬದಲ್ಲಿ ಬರೀ ಉಪ್ಪಿತ್ತು. ಉಪ್ಪು ಯಾರಿಗೆ ಇಷ್ಟವೆಂದು ಹೇಳುವಂತಿರಲಿಲ್ಲ.

ಬೇರೆ ಯಾವನಾದರೂ ಆಗಿದ್ದರೆ ಯಾರನ್ನಾದರೂ ನೇರವಾಗಿ ಕೇಳಿಬಿಡುತ್ತಿದ್ದ. ಆದರೆ ದಾಂಪತ್ಯದ ಮೇಲೆ ಅಷ್ಟು ವರ್ಷ ಮೈಕು ಹಿಡಿದ ಮನುಷ್ಯ ಯಾವ ಬಾಯಲ್ಲಿ ಕೇಳಬೇಕು? ನೇರವಾಗಿ ಕೇಳುವ ಬದಲು ಬಳಸಿಕೊಂಡು ಕೇಳುವುದೇ ಜಾಣತನವೆಂದು ಸಿದ್ದರಾಮು ತೀರ್ಮಾನಿಸಿ ಮಳವಳ್ಳಿ ಬಸ್ಸು ಹತ್ತಿದರು. ಮುಂದಿನ ಅನಾಹುತಕ್ಕೆಲ್ಲ ಈ ಜಾಣತನವೇ ಕಾರಣ.

ಮಳವಳ್ಳಿ ಬಸ್ ನಿಲ್ದಾಣದ ಹಿಂದೆ ದೇವಿರಮ್ಮ ಎಂಬಾಕೆಯ ಮೆಸ್ಸಿತ್ತು. ಗಂಡ ಹೋಗಿ ಬಹಳ ವರ್ಷವಾದ ಹೆಂಗಸು. ವಯಸ್ಸೂ ಮೈಕಟ್ಟೂ ಹೆಚ್ಚುಕಡಿಮೆ ನಾಗರತ್ನಳದೇ. ಸರ್ವಿಸಿನಲ್ಲಿದ್ದಾಗ ಸಿದ್ದರಾಮು ಅಲ್ಲೇ ಊಟ ಮಾಡುತ್ತಿದ್ದುದು. ಅವರು ಊಟ ಮುಗಿಸಿ, ಕೈ ಒರೆಸಿಕೊಂಡು, ಅತ್ತಿತ್ತ ನೋಡಿ ಕೇಳಿದರು.

"ಅಲ್ಲ ದೇವಿರಮ್ಮ, ಐವತ್ತು ದಾಟಿದ ಹೆಂಗ್ಸ್ರಿಗೆ ತಿನ್ನಕ್ಕೆ ಏನು ಇಷ್ಟ ಆಯ್ತದೆ?"

"ಯಾವ ಹೆಂಗ್ಸಿಗೆ ಡಾಕ್ಟ್ರೇ?"

"ಯಾರೋ ಒಬ್ರು ಅಂತಿಟ್ಕಳಿ. ಒಳ್ಳೇ ಹೆಂಗ್ಸು. ಹಬ್ಬುಕ್ಕೆ ಮನೆಗೆ ಬತ್ತಾವ್ರೆ."

ದೇವಿರಮ್ಮ ಸಾರಿನ ಪಾತ್ರೆ ಮುಚ್ಚಿದಳು. "ಮನೆ ನೋಡಕ್ಕಾ?"

"ಮನೆಯೇನೋ ನೋಡಿರೋದೇ" ಎಂದರು ಸಿದ್ದರಾಮು. "ಬೇಜಾರು ಮಾಡ್ಕೊಂಡು ಎದ್ದೋಗ್ಬಾರ್ದು, ಅಷ್ಟೇ ನಂಗೆ. ಇನ್ನೊಂದು. ನಿಮ್ಮ ಕೈ ಒಸಿ ಬೇಕಾಗಿತ್ತು."

ಇದರ ಹಿನ್ನೆಲೆ ಇಷ್ಟೆ: ಮುತ್ತೈದೆಯಾಗಿ ಹೋದವಳ ಎಡೆಗೆ ಸೀರೆಯ ಜೊತೆ ಹಸಿರು ಬಳೆಯನ್ನೂ ಇಡಬೇಕು. ಎದುರಿನ ಬಳೆ ಅಂಗಡಿಯವನು ಅಳತೆ ಕೇಳಿದ್ದ. ಸಿದ್ದರಾಮುಗೆ ಅದೂ ಗೊತ್ತಿರಲಿಲ್ಲ. ದೇವಿರಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅಂಗಡಿಯವರೆಗೂ ಬಂದು ಮುಂದೆ ಚಾಚಿದಳು. ಬಳೆಯವನು ಡಜನ್ ಹಸಿರು ಬಳೆ ಏರಿಸಿದ. "ಜನ ನೋಡ್ತಾರೆ ಬುಡಿ ಡಾಕ್ಟ್ರೇ" ಎಂದಳು ದೇವಿರಮ್ಮ, ಆದರೆ ಕೈ ಹಿಂದೆಗೆದುಕೊಳ್ಳಲಿಲ್ಲ. ಬಳೆ ಸರಿಯಾಗಿ ಕೂತಿತು. ಸಿದ್ದರಾಮು ಅದೇ ಅಳತೆಯ ಇನ್ನೊಂದು ಡಜನ್ ಕಾಗದದಲ್ಲಿ ಸುತ್ತಿಸಿಕೊಂಡು, ಆಕೆಯ ಕೈಲಿದ್ದದ್ದನ್ನು ಬಿಚ್ಚಿಸುವುದು ಅಪಶಕುನವೆಂದು ಹಾಗೇ ಬಿಟ್ಟು, ಒಂದು ಕೆಲಸವಾದರೂ ಆಯಿತೆಂದು ಬಸ್ಸಿಗೆ ಓಡಿದರು. ಏನು ಮಾಡಿದೆನೆಂಬುದು ಅವರಿಗೆ ತಿಳಿಯಲಿಲ್ಲ. ಬೆಳಕವಾಡಿ ಕಡೆಯ ಒಬ್ಬ ನೆಂಟನಿಗೆ ಮಾತ್ರ ಚೆನ್ನಾಗಿ ತಿಳಿಯಿತು. ಬಸ್ಸಿಗೆ ಕಾಯುತ್ತಿದ್ದವನು ಬೇಜಾರು ಕಳೆಯಲು ಮೊಬೈಲು ಎತ್ತಿದ್ದ.

ಬೆಳಕವಾಡಿ ನಾಗರತ್ನಳ ತವರು. ಫೋಟೋ ಸಂಜೆಯೊಳಗೆ ನೆಂಟರ ವಾಟ್ಸಾಪ್ ಗುಂಪು ಹೊಕ್ಕಿತು. ಅಲ್ಲಿಂದ ಮದ್ದೂರಿಗೆ, ಮದ್ದೂರಿನಿಂದ ಯಲಿಯೂರಿಗೆ ಹೋಯಿತು. ಹೋದಲ್ಲೆಲ್ಲ ಒಂದಿಷ್ಟು ಮೈ ತುಂಬಿಕೊಂಡಿತು. ಮದ್ದೂರಿನ ಹೊತ್ತಿಗೆ ಸಿದ್ದರಾಮು ಮಾರ್ಲಾಮಿ ಮುಗಿದ ವಾರದಲ್ಲೇ ಮದುವೆಯಾಗುವವರಿದ್ದರು. ಯಲಿಯೂರಿನ ಹೊತ್ತಿಗೆ ಮದುವೆ ಆಗಿಯೇ ಹೋಗಿತ್ತು, ಬೀಗರ ಊಟ ಮಾತ್ರ ಬಾಕಿ.

ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಸಿದ್ದರಾಮು ಅವರ ಮನೆಯ ಮುಂದೆ ಒಂದು ಟೆಂಪೋ ನಿಂತಿತು. ನಾಗರತ್ನಳ ತಮ್ಮ ದೇವರಾಜು ಬೆಳಕವಾಡಿಯ ಎಂಟು ಹತ್ತು ಜನರೊಂದಿಗೆ ಇಳಿದ. ಅವನ ಹಿಂದೆ, ಇಬ್ಬರ ತೋಳು ಹಿಡಿದುಕೊಂಡು, ತಾಯಿ ಮರಿತಾಯಮ್ಮ.

"ಬಾವ! ನಮ್ಮಕ್ಕ ಸತ್ತು ವರ್ಸ ತುಂಬ್ನಿಲ್ಲ. ಅವ್ಳ ಎಡೆ ಇಡಕ್ಕೆ ಮುಂಚೆ ಇನ್ನೊಬ್ಳ ಕೈಗೆ ಅಸ್ರು ಬಳೆ ತೊಡುಸ್ತೀರಲ್ಲ, ನಿಮ್ಗೆ ಮಾನ ಇಲ್ವಾ?"

"ಲೋ ದೇವರಾಜು, ಅದು ಅಳತೆಗೆ ಕಣ್ಲಾ!"

"ಅಳತೆ ಬೇರೆ ತಗಂಡವ್ರಂತೆ ಕಣ್ರಲಾ!" ಎಂದು ದೇವರಾಜು ಟೆಂಪೋದ ಕಡೆ ತಿರುಗಿ ಕೂಗಿದ. ಟೆಂಪೋದಿಂದ ಇಳಿದವರೆಲ್ಲ ಹೋ ಎಂದರು.

ಅಷ್ಟರಲ್ಲಿ ಆಟೋವೊಂದು ಬಂದು ನಿಂತಿತು. ಸಿದ್ದರಾಮು ಅವರ ಅಕ್ಕ, ಯಲಿಯೂರಿನ ಚಿಕ್ಕಲಕ್ಷ್ಮಮ್ಮ, ಗೆದ್ದವರ ಮುಖದಲ್ಲಿ ಇಳಿದಳು. ಮೊಬೈಲಿನಲ್ಲಿ ಫೋಟೋ ನೋಡಿದವಳೇ ಸೀದಾ ಮಳವಳ್ಳಿಗೆ ಹೋಗಿ ಹುಡುಗಿಯನ್ನು ಜೊತೆಯಲ್ಲೇ ಕರೆತಂದಿದ್ದಳು. ದೇವಿರಮ್ಮ ಇಸ್ತ್ರಿ ಮಾಡಿದ ಸೀರೆಯುಟ್ಟು, ತಲೆ ಬಗ್ಗಿಸಿ, ಒಬ್ಬಟ್ಟಿನ ಡಬ್ಬ ಹಿಡಿದು ಇಳಿದಳು. ಕೈಯಲ್ಲಿ ಹಸಿರು ಬಳೆ ಹಾಗೇ ಇತ್ತು.

"ಗಂಡ್ಸು ಒಬ್ನೇ ಎಷ್ಟು ದಿವ್ಸ ಇದ್ದಾನು?" ಚಿಕ್ಕಲಕ್ಷ್ಮಮ್ಮ ಯಾರೂ ಕೇಳುವ ಮೊದಲೇ ಶುರು ಮಾಡಿದಳು. "ಒಲೆ ಅಚ್ಚಕ್ಕೆ ಬರಕಿಲ್ಲ ನನ್ ತಮ್ಮಂಗೆ. ನಾನೇ ಮುಂದೆ ನಿಂತು ಮಾಡುಸ್ತೀನಿ. ಯಾವನ್ ಬತ್ತನೋ ಬರ್ಲಿ ನೋಡ್ತೀನಿ!"

ಬಂದವನು ಪೊಲೀಸು. ಬೀದಿಯ ತುಂಬ ಜನ ನೋಡಿ ಕಾನ್ಸ್‌ಟೇಬಲ್ ಶಿವರಾಮು ಬೈಕು ನಿಲ್ಲಿಸಿದ್ದ. ಹಿಂದೊಮ್ಮೆ ಅವನೂ ಹೆಂಡತಿಯೊಂದಿಗೆ ಜಗಳವಾಡಿ ಇದೇ ಜಗಲಿಯ ಮೇಲೆ ಕೂತು ಸಿದ್ದರಾಮು ಅವರಿಂದ ಬುದ್ಧಿ ಹೇಳಿಸಿಕೊಂಡಿದ್ದವನು. "ಸಾರ್, ನಿಮ್ಮನೇಲೇ ಹಿಂಗಾದ್ರೆ ನಾವು ಎಲ್ಲಿಗೋಗೋದು ಸಾರ್?" ಎಂದು ಕಕ್ಕಾಬಿಕ್ಕಿಯಾಗಿ ಕೇಳಿದ. ಅವನ ಹಿಂದೆ ಬಂದ ಚಿಕ್ಕಬೋರಯ್ಯ, ಇಷ್ಟು ಜನ ಸೇರಿರುವಾಗ ಡಾಕ್ಟ್ರು ಹೇಗೂ ಮನೆಯಲ್ಲೇ ಇದ್ದಾರೆಂದು ಖಚಿತ ಮಾಡಿಕೊಂಡು, ತನ್ನ ಎಮ್ಮೆ ನಿನ್ನೆಯಿಂದ ಮೇವು ಬಿಟ್ಟಿದೆ ಎಂದ.

"ಬೆಲ್ಲ ಆಕಿ ಹಿಂಡಿ ಕೊಟ್ಯೇನಯ್ಯ?" ಎಂದರು ಸಿದ್ದರಾಮು ಆ ಗದ್ದಲದ ನಡುವೆಯೇ.

"ಕೊಡ್ನಿಲ್ಲ ಬುದ್ಧಿ, ಬೆಲ್ಲ ಆಗೋಗದೆ."

"ಅದುಕ್ಕೆ ಬಿಟ್ಟದೆ. ಬೆಲ್ಲ ಇಲ್ದೆ ಅದು ಮುಟ್ಟಕಿಲ್ಲ ಅಂತ ಗೊತ್ತಿಲ್ವಾ ನಿಂಗೆ?"

ಹೇಳಿ ಮುಗಿಸಿದಾಗ ಮಗಳು ಅರುಂಧತಿ ಗೇಟಿನ ಹತ್ತಿರ ನಿಂತಿದ್ದಳು. ಮಂಡ್ಯದಿಂದ ಆಗತಾನೇ ಬಂದಿದ್ದಳು. ಅವಳು ಕೂಗಲಿಲ್ಲ, ಸೆಂಟರಿನಲ್ಲಿ ಮಾತಾಡುವ ಹಾಗೆ ಮೆತ್ತಗೆ ಕೇಳಿದಳು. "ಅಪ್ಪಾ, ಈ ಬಳೆ ವಿಷಯ ಏನು? ನಿಜ ಹೇಳಿ. ನಾನು ಬಯ್ಯಲ್ಲ."

ಸಿದ್ದರಾಮು ಸುತ್ತ ನೋಡಿದರು. ಜೀವಮಾನದಲ್ಲಿ ಇಷ್ಟು ಶ್ರದ್ಧೆಯಿಂದ ಅವರ ಮಾತಿಗೆ ಕಾದ ಸಭೆ ಇರಲಿಲ್ಲ. ಮೈಕು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

"ನಿಮ್ಮವ್ವನ ಎಡೇಗೆ ಕಣವ್ವ ಬಳೆ. ಅವ್ಳ ಅಳತೆ ನಂಗೆ ಗೊತ್ತಿರ್ನಿಲ್ಲ. ಅವ್ಳಿಗೆ ತಿನ್ನಕ್ಕೆ ಏನಿಷ್ಟ ಅಂತ್ಲೂ ಗೊತ್ತಿಲ್ಲ. ಅದುನ್ನೇ ಬಳಸ್ಕಂಡು ಕೇಳಕ್ಕೋಗಿದ್ದೆ. ಬಾಯ್ಬುಟ್ಟು ಯೋಳಕ್ಕೆ ನಾಚ್ಕೆ ಆಯ್ತು."

ಟೆಂಪೋದ ಡ್ರೈವರು ಇಂಜಿನ್ ಆರಿಸಿದ. ಕಾನ್ಸ್‌ಟೇಬಲ್ ಶಿವರಾಮು ನಿಧಾನವಾಗಿ ಬೇಲಿಯ ಮರೆಗೆ ಸರಿದು ಹೆಂಡತಿಗೆ ಫೋನು ಹಚ್ಚಿದ. "ಲೇ, ನಿಂಗೆ ತಿನ್ನಕ್ಕೆ ಏನಿಷ್ಟ?" ಎಂದದ್ದು ಎಲ್ಲರಿಗೂ ಕೇಳಿಸಿತು. ಆ ಕಡೆಯಿಂದ "ಡ್ಯೂಟಿ ಮ್ಯಾಲೇ ಕುಡ್ದಿದ್ದೀಯಾ?" ಎಂದದ್ದು ಇನ್ನೂ ಚೆನ್ನಾಗಿ ಕೇಳಿಸಿತು.

ದೇವಿರಮ್ಮ ಜಗಲಿಯ ಅಂಚಿಗೆ ಬಂದಳು. ಒಂದೊಂದೇ ಬಳೆ ಬಿಚ್ಚಿ ಜಗಲಿಯ ಮೇಲಿಟ್ಟಳು. "ಯಾರಿಗೆ ಅಂತ ಅವತ್ತೇ ಅಂದಿದ್ರೆ ಕೈ ಕೊಡ್ತಿರ್ಲಿಲ್ವಾ ಡಾಕ್ಟ್ರೇ ನಾನು? ಅಳತೆಗೆ ಅಂತ್ಲೇ ಕೊಡ್ತಿದ್ದೆ." ಒಬ್ಬಟ್ಟಿನ ಡಬ್ಬವನ್ನೂ ಅಲ್ಲೇ ಇಟ್ಟು ಬಸ್ ನಿಲ್ದಾಣದ ಕಡೆ ನಡೆದಳು. ಅವಳನ್ನು ಕರೆತಂದ ಚಿಕ್ಕಲಕ್ಷ್ಮಮ್ಮ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ ಬೇರೆ ಕಡೆ ನೋಡಿದಳು. ಈ ಇಡೀ ಗೊಂದಲದಲ್ಲಿ ಸಿದ್ದರಾಮು ಮಾಡಿದ ನಿಜವಾದ ತಪ್ಪು ದೇವಿರಮ್ಮನಿಗೆ ಆಸೆ ಹುಟ್ಟಿಸಿದ್ದೊಂದೇ, ಮತ್ತು ಅದಕ್ಕಾಗಿ ಅವರನ್ನು ಯಾರೂ ಬಯ್ಯಲಿಲ್ಲ.

ದೇವರಾಜುವಿಗೆ ಕೋಪ ಇಳಿದು ಹೆಮ್ಮೆ ಏರಿತು. "ಇಷ್ಟೇನಾ? ನನ್ ಕೇಳಿದ್ರೆ ಯೋಳ್ತಿರ್ಲಿಲ್ವಾ ಬಾವ? ನಮ್ಮಕ್ಕಂಗೆ ಬಾಡು ಅಂದ್ರೆ ಪ್ರಾಣ."

"ಸುಮ್ಕಿರ್ಲಾ" ಎಂದಳು ಮುದುಕಿ ಮರಿತಾಯಮ್ಮ. "ತುಂಡೆಲ್ಲಾ ನಿನ್ ತಣಿಗ್ಗೇ ಆಕ್ತಿದ್ದೆ ನಾನು. ಅವ್ಳಿಗೆ ಬರೀ ಸಾರು. ಬಾಡು ಅವ್ಳ ಬಾಯಿಗೆ ಎಲ್ ಬಿತ್ತು?"

"ಹಂಗಾರೆ ನೀನೇ ಯೋಳವ್ವ, ನೀನು ಹೆತ್ತೋಳು."

ಮುದುಕಿ ಬಾಯಿ ತೆರೆದಳು. "ಕೇಳ್ನಿಲ್ಲ ಕಣ್ಲಾ" ಎಂದಳು. "ಕೊಟ್ಟದ್ದ ಉಂಡ್ಕಂಡು ಓಯ್ತಿತ್ತು ಮಗ."

"ಸೀದ ಅನ್ನದ ತಳ" ಎಂದಳು ಚಿಕ್ಕಲಕ್ಷ್ಮಮ್ಮ. "ನಾನು ಬಂದಾಗೆಲ್ಲ ನೋಡಿವ್ನಿ, ಕೆರೆದು ಕೆರೆದು ತಿನ್ನೋಳು."

"ತಂಗಳು ಮುದ್ದೆ ಅಮ್ಮಂಗೆ ಇಷ್ಟ ಅಂತ ನಾನು ಅಂದ್ಕೊಂಡಿದ್ದೆ" ಎಂದಳು ಅರುಂಧತಿ. ಹೇಳುತ್ತ ಹೇಳುತ್ತ ಅವಳ ದನಿ ಸಣ್ಣದಾಯಿತು. ದಿನಕ್ಕೆ ಹತ್ತು ಗಂಡಸರಿಗೆ ಇದೇ ಪ್ರಶ್ನೆ ಕೇಳುವವಳು ಜಗಲಿಯ ಮೇಲೆ ಅಪ್ಪನ ಪಕ್ಕ ಕೂತುಬಿಟ್ಟಳು.

"ಉಳ್ದದ್ದು ತಿಂದ್ರೆ ಇಷ್ಟ ಅಂತೀರಲ್ಲ, ನಿಮ್ಮ ಬಾಯಿಗೆ ಮಣ್ಣಾಕ!"

ಮಾತು ಬಂದದ್ದು ಪಕ್ಕದ ಮನೆಯ ಹಿತ್ತಲಿನಿಂದ. ಬೆಳ್ಳಮ್ಮ ಬೇಲಿಯ ಮೇಲೆ ಎರಡೂ ಕೈ ಊರಿಕೊಂಡು ನಿಂತಿದ್ದಳು. ಬೆಳಗಿನಿಂದಲೂ ಅಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡು, ಹೇಳಲೋ ಬೇಡವೋ ಎಂದು ಒದ್ದಾಡಿದವಳು ಈಗ ತಡೆಯಲಾರದೆ ಹೋದಳು.

"ಒಣಮೀನು ಕಣಯ್ಯ, ಒಣಮೀನು! ಕೆಂಡದ ಮ್ಯಾಲೆ ಸುಟ್ಟು, ಉಣಸೆಹಣ್ಣು ಬುಟ್ಟು ಗೊಜ್ಜು ಮಾಡಿ, ಬಿಸಿ ಮುದ್ದೆ ಜೊತೆ ಕೊಟ್ರೆ ಬಟ್ಲು ನೆಕ್ಕೋಳು ನಿನ್ನೆಂಡ್ತಿ."

"ಒಣಮೀನಾ? ನಮ್ಮನೇಲಾ?" ಸಿದ್ದರಾಮುಗೆ ಆ ಹೆಸರು ಕೇಳಿದ್ದಕ್ಕೇ ಮೂಗು ಮುದುಡಿತು.

"ನಿಮ್ಮನೇಲಲ್ಲ, ನಮ್ಮನೇಲಿ. ಮದ್ವೆ ಆದ ಹೊಸ್ದ್ರಲ್ಲಿ ಒಂದಿನ ಮಾಡಿದ್ಲಂತೆ. ಈ ವಾಸ್ನೆ ಬಂದ್ರೆ ನಾನೀ ಮನೇಲಿರಕಿಲ್ಲ ಅಂದ್ಯಂತೆ ನೀನು. ಅಲ್ಲಿಂದಾಚೆಗೆ ಮನೇಲಿ ಮಾಡ್ನಿಲ್ಲ. ನೀನು ಲಸ್ಕೆ ಕ್ಯಾಂಪು ಅಂತ ಬಸ್ಸು ಅತ್ತಬೇಕು, ಆ ಬಸ್ಸು ಊರು ದಾಟ್ಬೇಕು, ಆಮ್ಯಾಕೆ ಹಿತ್ಲಿಂದ ಬರೋಳು. ಬಸ್ಸು ಕಣ್ಮರೆ ಆಗೋಗಂಟ ಒಲೆ ಅಚ್ಚಕ್ಕೆ ಬುಡ್ತಿರ್ನಿಲ್ಲ ನನ್ನ."

"ನಾನಂದ್ನಾ?" ಎಂದರು ಸಿದ್ದರಾಮು. ಎಷ್ಟು ಯೋಚಿಸಿದರೂ ಅಂದದ್ದು ನೆನಪಾಗಲಿಲ್ಲ. ಅಂದಿರಬಹುದು, ಹೊಸ ಗಂಡ, ಏನೋ ಒಂದು ಅಂದಿರಬಹುದು. ಒಂದು ಹೊತ್ತಿನ ಮಾತಿಗೆ ಅವಳು ಜೀವಮಾನವಿಡೀ ಬೇಲಿ ದಾಟಿದ್ದಳು.

"ಉಣ್ಣುವಾಗ ಏನಾದ್ರೂ ಅನ್ನೋಳಾ?" ಎಂದು ಕೇಳಿದರು ಸಿದ್ದರಾಮು.

"ನಗೋಳು" ಎಂದಳು ಬೆಳ್ಳಮ್ಮ. "ಮೀನಿನ ಮುಳ್ಳ ಮೈಕು ಮಾಡ್ಕಂಡು ನಿನ್ ಭಾಷ್ಣ ಮಾಡೋಳು. 'ನಮ್ಮ ನಾಗರತ್ನ ಬಾಯಿ ತೆಗೆಯೋಕೆ ಮುಂಚೆ' ಅಂತ ನಿನ್ನಂಗೇ ಕತ್ತು ಕುಣ್ಸೋಳು. ನಕ್ಕೂ ನಕ್ಕೂ ಇಬ್ರಿಗೂ ನೆತ್ತಿಗತ್ತದು."

ಯಾರಿಗೂ ನಗು ಬರಲಿಲ್ಲ. ಸಿದ್ದರಾಮುಗೆ ಅವಮಾನವೂ ಆಗಲಿಲ್ಲ. ನಾಗರತ್ನ ಹಾಗೆ ನಗುತ್ತಿದ್ದಳು, ಅದನ್ನು ತಾನು ನೋಡಲಿಲ್ಲ ಎಂಬ ಹೊಟ್ಟೆಕಿಚ್ಚಾಯಿತು. ಪಕ್ಕದ ಮನೆಯ ಹೆಂಗಸಿನ ಮೇಲೆ, ಸತ್ತ ಹೆಂಡತಿಯ ವಿಷಯಕ್ಕೆ, ಹೊಟ್ಟೆಕಿಚ್ಚು.

"ಯಾಕೆ ಒಂದ್ಮಾತು ನಂಗೆ ಅನ್ನಲಿಲ್ಲ ಅವಳು?" ಎಂದು ಮಗಳನ್ನು ಕೇಳಿದರು.

"ನೀವು ಕೇಳಿದ್ರಾ ಅಪ್ಪ?" ಎಂದಳು ಅರುಂಧತಿ. ಆಮೇಲೆ, "ನಾನೂ ಕೇಳ್ಲಿಲ್ಲ" ಎಂದಳು.

ಮರುದಿನ ಅಮಾವಾಸ್ಯೆ. ಅಡುಗೆಮನೆಗೆ ಯಾರೂ ಕಾಲಿಡಬಾರದೆಂದು ಸಿದ್ದರಾಮು ಆಜ್ಞೆ ಮಾಡಿದರು. ತಾವೇ ಹೋಗಿ ಒಣಮೀನು ತಂದರು. ಯಾವುದು ಒಳ್ಳೆಯದೆಂದು ತಿಳಿಯದೆ ಅಂಗಡಿಯಲ್ಲಿದ್ದ ಜಾತಿಯೆಲ್ಲ ಒಂದೊಂದು ಹಿಡಿ ತಂದರು. ಬೆಳ್ಳಮ್ಮ ಹಿತ್ತಲ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಹುಕುಂ ಕೊಟ್ಟಳು. "ತಲೆ ಕೀಳು. ಅಯ್ಯೋ, ಬಾಲ ಅಲ್ಲ ಕಣಯ್ಯ, ತಲೆ! ಆಸ್ಪತ್ರೇಲಿ ಹಿಂಗೇ ನೋಡ್ತಿದ್ಯಾ ದನವ?" ಮೀನು ಕೆಂಡಕ್ಕೆ ಬಿದ್ದದ್ದೇ ಆ ವಾಸನೆ ಇಡೀ ಮನೆಯನ್ನು ಹಿಡಿಯಿತು. ಸಿದ್ದರಾಮು ಎರಡು ಸಲ ಹಿತ್ತಲಿಗೆ ಓಡಿ ಓಕರಿಸಿ ಬಂದರು. ಮುಖ ತೊಳೆದು ಮತ್ತೆ ಒಲೆಯ ಮುಂದೆ ಕೂತರು. ಚಿಕ್ಕಲಕ್ಷ್ಮಮ್ಮ ಮೂಗಿಗೆ ಸೆರಗು ಹಿಡಿದು, ತನ್ನ ಅಪ್ಪ ಅವ್ವನ ಎಡೆಯ ಪಕ್ಕ ಈ ನಾತವನ್ನು ಇಟ್ಟರೆ ಅವರು ಊಟ ಬಿಟ್ಟು ಎದ್ದು ಹೋಗುತ್ತಾರೆಂದು ಎಚ್ಚರಿಸಿದಳು. "ಓದ್ರೆ ಓಗ್ಲಿ" ಎಂದರು ಸಿದ್ದರಾಮು. "ಅವ್ರು ಇಷ್ಟು ವರ್ಸ ಉಂಡವ್ರೆ."

ಮಧ್ಯಾಹ್ನದ ಹೊತ್ತಿಗೆ ಎಡೆ ಸಿದ್ಧವಾಯಿತು. ನಾಗರತ್ನಳ ಫೋಟೋದ ಮುಂದೆ ಸೀರೆ, ಹಸಿರು ಬಳೆ. ಎಲೆಯ ಮೇಲೆ ಬಿಸಿ ಮುದ್ದೆ, ಒಣಮೀನಿನ ಗೊಜ್ಜು; ಮೀನು ಒಂದು ಕಡೆ ಕಪ್ಪಗಾಗಿತ್ತು. ಧೂಪ ಹಾಕಿ, ಎಲ್ಲರೂ ಕೈ ಮುಗಿದು, ಹೊರಗೆ ಬಂದು ಬಾಗಿಲು ಮುಚ್ಚಿದ್ದಾಯಿತು. ಬದುಕಿರುವವರ ಕಣ್ಣೆದುರು ಹಿರಿಯರು ಉಣ್ಣುವುದಿಲ್ಲ. ಅವರು ಉಂಡು ಏಳುವಷ್ಟು ಹೊತ್ತು ಬಿಟ್ಟು ಬಾಗಿಲು ತೆಗೆದು, ಆಮೇಲೆ ಮನೆಯವರು ಊಟಕ್ಕೆ ಕೂರುವುದು ಪದ್ಧತಿ. ಬೆಳಕವಾಡಿಯವರು ಅಂಗಳದಲ್ಲಿ ಚಾಪೆ ಹಾಸಿಕೊಂಡು ಹಸಿದ ಹೊಟ್ಟೆಯಲ್ಲಿ ಕಾದರು.

ಸಿದ್ದರಾಮು ಜಗಲಿಯ ಮೇಲೆ ಕೂರಲಿಲ್ಲ. ಮುಚ್ಚಿದ ಬಾಗಿಲನ್ನು ನೋಡುತ್ತ ನಿಂತರು, ಅತ್ತಿಂದಿತ್ತ ತಿರುಗಿದರು. ಇದ್ದಕ್ಕಿದ್ದಂತೆ ಚಪ್ಪಲಿ ಮೆಟ್ಟಿದರು.

"ಎಲ್ಲಿಗಪ್ಪ?"

"ಬಸ್ ಸ್ಟ್ಯಾಂಡಿಗೆ ಕಣವ್ವ. ನಾನಿಲ್ಲಿದ್ರೆ ಅವ್ಳು ಉಣ್ಣಕಿಲ್ಲ."

"ಬಾಗ್ಲು ಮುಚ್ಚಿದ್ದೀವಲ್ಲ ಬಾವ!" ಎಂದ ದೇವರಾಜು.

"ಬಾಗ್ಲು ಮುಚ್ಚಿದ್ರೆ ಏನ್ ಬಂತು? ಬಸ್ಸು ಊರು ದಾಟ್ಬೇಕು" ಎಂದು ಸಿದ್ದರಾಮು ಹೊರಟೇಬಿಟ್ಟರು. ಅರುಂಧತಿ ತಡೆಯಲು ಎದ್ದವಳು ಮತ್ತೆ ಕೂತಳು. ಬೇಲಿಯಾಚೆ ಬೆಳ್ಳಮ್ಮ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, ಬಸ್ಸಿನ ಸದ್ದಿಗೆ ಕಿವಿಗೊಟ್ಟಳು.

ಮಳವಳ್ಳಿ ಬಸ್ಸಿನ ತುಂಬ ಹೆಂಗಸರು. ತವರಿಗೆ ಎಡೆ ಇಡಲು ಹೊರಟವರು, ಇಟ್ಟು ಬಂದವರು. ಸಿದ್ದರಾಮು ಕಂಬಿ ಹಿಡಿದು ನಿಂತರು. ಎದುರಿನ ಸೀಟಿನಲ್ಲಿ ಐವತ್ತು ದಾಟಿದ ಹೆಂಗಸೊಬ್ಬಳು ಮಡಿಲಲ್ಲಿ ಪೊಟ್ಟಣ ಬಿಚ್ಚಿಕೊಂಡು ಏನನ್ನೋ ತಿನ್ನುತ್ತಿದ್ದಳು. ಸಿದ್ದರಾಮು ನೋಡಿಯೇ ನೋಡಿದರು. ತುತ್ತು ಚಿಕ್ಕದೋ ದೊಡ್ಡದೋ, ಅಗಿಯುವುದು ಹೇಗೆ, ನಡುನಡುವೆ ನೀರು ಕುಡಿಯುತ್ತಾಳೋ ಇಲ್ಲವೋ. ಆ ಹೆಂಗಸು ಒಮ್ಮೆ ತಲೆಯೆತ್ತಿ, ಈ ಮುದುಕನಿಗೆ ಏನು ಬಂತೆಂದು ದುರುಗುಟ್ಟಿ, ಪೊಟ್ಟಣಕ್ಕೆ ಸೆರಗು ಮುಚ್ಚಿ ಕಿಟಕಿಯ ಕಡೆ ತಿರುಗಿಕೊಂಡಳು.

ಊರು ದಾಟಿ ಬಹಳ ದೂರ ಬಂದ ಮೇಲೆ ಫೋನು ಬಡಿದುಕೊಂಡಿತು. ದೇವರಾಜು.

"ಬಾವ, ಬಾಗ್ಲು ತಗೀಲಾ? ಎಲ್ರೂ ಅಸ್ಕಂಡವ್ರೆ. ಇಷ್ಟೊತ್ತಿಗೆ ಆಗಿರ್ತದೆ."

"ಬ್ಯಾಡ, ತಗೀಬ್ಯಾಡ. ಇನ್ನೊಸಿ ಹೊತ್ತು ತಡಿ."

"ಇನ್ನೆಷ್ಟೊತ್ತು ಬಾವ? ಅಕ್ಕ ಅಷ್ಟು ನಿಧಾನಕ್ಕೆ ಉಣ್ಣೋಳಾ?"

ಸಿದ್ದರಾಮು ಉತ್ತರ ಹೇಳಲು ಬಾಯಿ ತೆರೆದರು. ಬಸ್ಸು ಒಂದು ತಿರುವು ತಿರುಗಿತು. ಕಂಡಕ್ಟರು ಟಿಕೆಟ್ ಎಂದು ಭುಜ ಮುಟ್ಟಿದ. ಅವರು ಅವನ ಕಡೆ ನೋಡಲಿಲ್ಲ.

"ಗೊತ್ತಿಲ್ಲ ಕಣ್ಲಾ ದೇವರಾಜು" ಎಂದರು. "ಅವ್ಳು ಉಣ್ಣೋದ ನಾನು ಒಂದಿನಾನೂ ಕೂತ್ಕಂಡು ನೋಡ್ನಿಲ್ಲ."